ಗಂಟೆ ಬಂದ ಮೇಲಿನ ಐತವಾರಗಳು

ರಾಯಚೂರಿನ ಸ್ಟೇಷನ್ನಿನ ಆಚೆ, ನಮ್ಮ ಬಡಾವಣೆಯಲ್ಲಿ ಈಗಲೂ ಎರಡು ಚರ್ಚುಗಳಿವೆ. ಒಂದು ರೈಲ್ವೆ ದೊರೆಗಳು ತಮಗಾಗಿ ಕಟ್ಟಿಸಿಕೊಂಡದ್ದು. ಅವರು ಹೋದ ಮೇಲೆ ಕಿಟಕಿಯ ಬಣ್ಣದ ಗಾಜು ಒಡೆದು ಪಾರಿವಾಳಗಳು ಸೇರಿಕೊಂಡಿವೆ. ಇನ್ನೊಂದು ನಮ್ಮ ಕೇರಿಯದು, ನಾವು ಗುಡಿ ಎಂದೇ ಕರೆಯುವುದು. ಅದಕ್ಕೆ ಟೈಲ್ಸು, ಮೈಕು ಬಂದಿವೆ. ಗೋಡೆಯ ಕಲ್ಲಿನಲ್ಲಿ ಗಂಟೆ ಕೊಟ್ಟವರ ಹೆಸರು ಕೆತ್ತಿದ್ದಾರೆ. ಅದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆ ಗಂಟೆಯಿಂದಲೇ ನಮ್ಮ ಗುಡಿ ಮುಚ್ಚುವುದರಲ್ಲಿತ್ತು.

ಆಗ ನಿಜಾಮನ ಆಳ್ವಿಕೆಯ ಕಡೆಯ ವರ್ಷಗಳು. ನನಗೆ ಹದಿನೈದು ವಯಸ್ಸು. ಕೇರಿಯವರು ಹತ್ತಿ ಜಿನ್ನಿನಲ್ಲಿ, ಎಣ್ಣೆ ಮಿಲ್ಲಿನಲ್ಲಿ ದುಡಿಯುವವರು. ಐತವಾರವೂ ಹೊಲ, ಕಟ್ಟಿಗೆ, ತೊಗಲು ಎಂದು ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಗಡಿಯಾರ ಯಾರ ಮನೆಯಲ್ಲೂ ಇರಲಿಲ್ಲ, ಇದ್ದರೂ ಉಪಯೋಗವಿರಲಿಲ್ಲ. ನಮ್ಮ ಪಾದ್ರಿಗಳು ಮಾನ್ವಿ, ದೇವದುರ್ಗದ ಸಭೆಗಳನ್ನೂ ನೋಡಿಕೊಳ್ಳುತ್ತಿದ್ದರು. ಅವರ ಎತ್ತಿನ ಬಂಡಿ ಬಂದ ಹೊತ್ತೇ ಪ್ರಾರ್ಥನೆಯ ಹೊತ್ತು. ಹಾಗಾಗಿ ನನ್ನಪ್ಪ ಮಾನ್ವಿ ರಸ್ತೆಯ ದಿಬ್ಬದ ಮೇಲೆ ಕೂತಿದ್ದು, ಬಂಡಿಯ ಧೂಳು ಕಂಡೊಡನೆ ತೊಗಲಿನ ಹಲಗೆ ಬಾರಿಸುತ್ತಿದ್ದ. ಮಂದಿ ಕೈಕಾಲು ತೊಳೆದು ಬರುವಷ್ಟರಲ್ಲಿ ಪಾದ್ರಿಗಳು ಬಾಗಿಲಲ್ಲಿರುತ್ತಿದ್ದರು.

ದೊರೆಗಳ ಚರ್ಚಿನ ಹಿರಿಯರಿಗೆ ಇದು ಸರಿಬರಲಿಲ್ಲ. ಸತ್ತ ದನದ ತೊಗಲು ದೇವರ ಮನೆಗೆ ಮೈಲಿಗೆಯಂತೆ. ಹಾಗೆಂದವರ ಕಾಲಲ್ಲಿದ್ದ ಬೂಟು ಯಾವ ಗಿಡದಲ್ಲಿ ಬಿಟ್ಟಿತ್ತೋ ಕಾಣೆ. ತಮ್ಮ ಹಳೆಯ ಗಂಟೆಯೊಂದನ್ನು ಕೊಟ್ಟರು, ಹಲಗೆ ನಿಲ್ಲಬೇಕೆಂಬ ಷರತ್ತಿನ ಮೇಲೆ. ಹಗ್ಗ ಎಳೆಯಲು ತಮ್ಮ ಆಳನ್ನೇ ಇಟ್ಟರು. ಪಾದ್ರಿಗಳು ತಲೆಯಾಡಿಸಿ, ಇನ್ನು ಹಲಗೆ ಮುಟ್ಟಿದವರನ್ನು ಸಭೆಯಿಂದ ಹೊರಗಿಡುವುದಾಗಿ ಸಾರಿದರು.

ಸ್ಟೇಷನ್ನಿನ ಗಡಿಯಾರ ನೋಡಿ ಆಳು ಎಂಟಕ್ಕೆ ಸರಿಯಾಗಿ ಗಂಟೆ ಬಡಿದ. ಮಂದಿ ಬಂದರು, ಕೂತರು. ಹತ್ತಾದರೂ ಬಂಡಿ ಇಲ್ಲ. ಎದ್ದು ಕೆಲಸಕ್ಕೆ ಹೋದರು. ಹನ್ನೊಂದಕ್ಕೆ ಬಂದ ಪಾದ್ರಿಗಳು ಖಾಲಿ ಗುಡಿ ನೋಡಿ ಕೆಂಡವಾದರು. ಬಂಡಿ ಬಂದಾಗ ಇನ್ನೊಮ್ಮೆ ಬಡಿ ಎಂದರೆ ಆ ಆಳು, “ಹುಕುಂ ಇಲ್ಲ,” ಎನ್ನುತ್ತಿದ್ದ. ಮೂರು ತಿಂಗಳು ಇದೇ ಕತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಆದರೆ ನಮ್ಮ ವಿಶ್ವಾಸ ಕುಂದಿದೆ ಎಂದರು ಪಾದ್ರಿಗಳು. ಗಡಿಯಾರದ್ದು ತಪ್ಪಲ್ಲ, ಬಂಡಿಯದೂ ಅಲ್ಲ, ತಪ್ಪೆಲ್ಲ ನಮ್ಮದು. ಬರುವ ಐತವಾರವೂ ಹೀಗೇ ಆದರೆ ಗುಡಿಗೆ ಬೀಗ ಹಾಕಿ, ನಮ್ಮನ್ನು ದೊರೆಗಳ ಚರ್ಚಿನ ಜಗುಲಿಯ ಮೇಲೆ ಕೂಡಿಸುವುದೆಂದು ಹಿರಿಯರು ತೀರ್ಮಾನಿಸಿದರು. ಆ ಗುಡಿಯ ಕಲ್ಲನ್ನು ನನ್ನವ್ವ ತಲೆಯ ಮೇಲೆ ಹೊತ್ತಿದ್ದಳು.

ಆ ಐತವಾರ ಅಪ್ಪ ಮೂಲೆಯಲ್ಲಿದ್ದ ಹಲಗೆ ತೆಗೆದು, ತೊಗಲು ಬಿಗಿಯಾಗಲೆಂದು ಬೆಂಕಿಗೆ ಕಾಸತೊಡಗಿದ.

“ಹೊರಗ ಹಾಕ್ತಾರ್ರೀ, ಸುಮ್ಮ ಕುಂದರ್ರಿ,” ಎಂದಳು ಅವ್ವ.

“ಗುಡಿ ಉಳದ್ರ ಸಾಕು. ನಾ ಬಾಗಲ ಹೊರಗ ಕುಂತ್ರೂ ಪ್ರಾರ್ಥನಿ ಕೇಳಸ್ತದ,” ಎಂದ.

ಎಂಟರ ಗಂಟೆಗೆ ಯಾರೂ ಏಳಲಿಲ್ಲ. ಹತ್ತರ ಮೇಲೆ ಹಲಗೆ ಕೇಳಿತು. ಜಿನ್ನಿನ ಆಚೆಯಿಂದಲೂ ಜನ ಓಡಿ ಬಂದರು. ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾದ್ರಿಗಳ ಮುಖ ಅರಳಿತು. ಇಷ್ಟು ಜನವಿರುವ ಗುಡಿಗೆ ಬೀಗ ಬೀಳುವುದಿಲ್ಲ ಎಂದರು. ಅದೇ ಉಸಿರಿನಲ್ಲಿ ಅಪ್ಪನ ಹೆಸರು ಹಿಡಿದು ಕರೆದು, ಎದ್ದು ಹೊರಗೆ ಹೋಗಲು ಹೇಳಿದರು.

ಅಪ್ಪ ಎದ್ದ. ಅವನ ಹಲಗೆ ಕೇಳಿ ಬಂದವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹಾಡು ಹೇಳಿಕೊಡುವವಳು ನಾನು. ಪಾದ್ರಿಗಳು ಶುರು ಮಾಡು ಎಂಬಂತೆ ನನ್ನ ಕಡೆ ನೋಡಿದರು. ಅಂದು ಸುಮ್ಮನಿದ್ದವರನ್ನೆಲ್ಲ ಇಷ್ಟು ವರ್ಷ ಬೈಯುತ್ತಲೇ ಬಂದಿದ್ದೇನೆ. ಆದರೆ ಅಪ್ಪ ಹೊಸ್ತಿಲು ದಾಟುವ ಮೊದಲೇ ನಾನು ಹಾಡು ಎತ್ತಿದೆ.