ಬಲೂನಿಗೆ ಕಟ್ಟಿದ ಬುತ್ತಿ

ಬೋವಿಕಾನ ಊರಿನಿಂದ ಆಚೆ, ಗುಡ್ಡದ ನೆತ್ತಿಯ ಬಯಲಾದ ಮುರಕಲ್ಲಿನ ಬೋಳು ಪದವಿನ ಮೇಲೆ ಹವಾಮಾನ ಸಂಶೋಧಕರ ಒಂದು ತಗಡಿನ ಶೆಡ್ಡು. ಮಳೆಗಾಲದಲ್ಲಿ ಅಲ್ಲಿ ಬಲೂನಿಗೆ ಗ್ಯಾಸ್ ತುಂಬಿಸಿ ಬಿಡುವವನು ಉಗ್ಗಪ್ಪ. ಮಾತು ಕಮ್ಮಿ, ಹಠ ಜಾಸ್ತಿ. ಅವನ ಹೆಂಡತಿ ಅಕ್ಕು ಎರಡು ವರ್ಷದ ಹಿಂದೆ ತೋಡು ದಾಟುವಾಗ ನೀರುಪಾಲಾದಳು, ಹೆಣ ಸಿಗಲಿಲ್ಲ. ಸಿಗದವಳನ್ನು ಸತ್ತಳೆಂದು ಹೇಗೆ ಹೇಳುವುದು ಎಂಬುದು ಇವನ ವಾದ. ಮಳೆಗಾಲದ ಆಟಿ ತಿಂಗಳು ಬಂದಾಗ, ಮನೆಯ ತೀರಿಕೊಂಡವರಿಗೆಲ್ಲ ಎಲೆ ಹಾಕಿ ಬಡಿಸುವಾಗ ಅಕ್ಕುವಿಗೆ ಮಾತ್ರ ಎಲೆ ಇಲ್ಲ. ಅಮ್ಮ ಹಸಿದುಕೊಂಡು ಅಂಗಳದಲ್ಲಿ ನಿಂತ ಹಾಗೆ ಕನಸು ಬೀಳುತ್ತದೆಂದು ಮಗಳು ಯಶ್ಮಿತಾ ಅತ್ತರೂ ಉಗ್ಗಪ್ಪ ಜಪ್ಪಯ್ಯ ಅನ್ನಲಿಲ್ಲ.

ಅವನನ್ನಾದರೂ ಅಕ್ಕು ಬಿಟ್ಟಿದ್ದಳೇ? ಒದ್ದೆ ಸೀರೆ ಹಿಂಡಿದ ಸದ್ದು ಕೇಳಿದಂತಾಗಿ ದಿನಕ್ಕೆ ಹತ್ತು ಸಲ ತಿರುಗಿ ನೋಡುತ್ತಿದ್ದ.

ಶೆಡ್ಡಿನ ಸಂಶೋಧಕಿ ದೀಪ್ತಿ ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದಳು: "ಮಳೆಗಾಲದ ಗಾಳಿ ಕಡಲಿನ ನೀರಾವಿಯನ್ನು ತುಂಬಾ ಎತ್ತರಕ್ಕೆ ಒಯ್ತದೆ ಉಗ್ಗಪ್ಪಣ್ಣ. ಹೆಚ್ಚಿನದ್ದು ಮಳೆಯಾಗಿ ಬೀಳ್ತದೆ. ಸ್ವಲ್ಪ ಮೇಲೆ ದೊಡ್ಡ ಸುಳಿಯಲ್ಲಿ ಸುತ್ತುತ್ತಾ ಇರ್ತದೆ. ಅದರಲ್ಲಿ ಒಂಚೂರು ಇನ್ನೂ ಮೇಲೆ ದಾಟಿ ಹೋಗ್ತದೆ. ದಾಟಿದ್ದು ವರ್ಷಗಟ್ಟಲೆ ಕೆಳಗೆ ಬರುದಿಲ್ಲ. ಅದನ್ನು ಅಳೆಯಲಿಕ್ಕೇ ಈ ಬಲೂನು."

ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ, ಕಡಲಿನಿಂದ ಆಕಾಶಕ್ಕೆ. ಉಗ್ಗಪ್ಪನಿಗೆ ಅಕ್ಕು ಹೋದ ದಾರಿ ಸಿಕ್ಕಿಬಿಟ್ಟಿತು. ಸತ್ತದ್ದಲ್ಲ, ಮೇಲೆ ಸುತ್ತುತ್ತಿದ್ದಾಳೆ!

ಈ ಆಟಿಯ ಒಂದು ಬೆಳಿಗ್ಗೆ ದೀಪ್ತಿ ಒಳಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದಾಗ, ಅವನು ಹಸಿ ಬಾಳೆಲೆಯ ಚೂರಿನಲ್ಲಿ ಒಂದು ಹಿಡಿ ಅನ್ನ ಸುತ್ತಿ, ಅಳತೆಯ ಯಂತ್ರ ತೂಗುವ ದಾರಕ್ಕೆ ಬಿಗಿದ. ಇದು ಬದುಕಿರುವವಳಿಗೆ ಕಳಿಸುವ ಬುತ್ತಿ, ಸತ್ತವರಿಗೆ ಇಡುವ ಎಡೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಲೂನು ಮೋಡದೊಳಗೆ ಹೋಯಿತು.

ಮಧ್ಯಾಹ್ನ ದೀಪ್ತಿ, ಯಂತ್ರ ಮೇಲಿನಿಂದ ಕಳಿಸಿದ ಅಳತೆ ನೋಡಿ, ಹೊರಗೆ ಓಡಿ ಬಂದಳು.

"ಇದೆಂತ ಉಗ್ಗಪ್ಪಣ್ಣ? ಪೂರ್ತಿ ಒಣಗಿರಬೇಕಾದ ಎತ್ತರದಲ್ಲಿ ಇಷ್ಟು ನೀರು ಉಂಟಲ್ಲ!"

ಉಗ್ಗಪ್ಪ ತಟ್ಟನೆ ಮೋಡದತ್ತ ಮುಖವೆತ್ತಿದ. "ಉಂಟಾ? ಸರಿಯಾಗಿ ನೋಡಿದ್ರಾ?"

ಅವನ ಮುಖ ಕಂಡು ಅವಳಿಗೆ ಸಂಶಯ ಬಂತು. "ಯಂತ್ರದ ಹತ್ರ ಒದ್ದೆ ಎಂತಾದ್ರೂ ಇತ್ತಾ?"

ಉಗ್ಗಪ್ಪ ಬುತ್ತಿಯ ವಿಷಯ ಹೇಳಿದ. ಯಾರಿಗೆಂದೂ ಹೇಳಿದ. ದೀಪ್ತಿಗೆ ಬೈಯಲು ಬಾಯಿ ಬರಲಿಲ್ಲ.

"ಹಾಗಾದ್ರೆ ಅದು ನಿಮ್ಮ ಬುತ್ತಿಯ ನೀರು, ಮೇಲಿನದ್ದಲ್ಲ. ಈ ಅಳತೆಯನ್ನು ತೆಗೆದು ಹಾಕ್ಬೇಕು."

"ಇರ್ಲಿ ಮೇಡಂ. ತೆಗಿಬೇಡಿ."

"ಇಟ್ರೆ ಸುಳ್ಳಾಗ್ತದೆ ಅಣ್ಣ."

ಎರಡು ವರ್ಷ ತಾನು ಸಾಕಿದ್ದೂ ಸುಳ್ಳೇ ಎಂದು ಉಗ್ಗಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒದ್ದೆ ಕಲ್ಲಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ.

ಆ ಸಂಜೆ ಮನೆಯಲ್ಲಿ ಎಡೆ ಇಟ್ಟಾಗ ತೀರಿಕೊಂಡವರ ಸಾಲಿನಲ್ಲಿ ಅಕ್ಕುವಿಗೂ ಎಲೆ ಬಿತ್ತು. ಹೆಸರು ಹಿಡಿದು ಊಟಕ್ಕೆ ಕರೆದವನು ಉಗ್ಗಪ್ಪನೇ. ಸತ್ತವರು ಉಣ್ಣುವಾಗ ಯಾರೂ ನೋಡಬಾರದೆಂದು ಬಾಗಿಲೆಳೆದು ಅಪ್ಪ, ಮಗಳು ಹೊರಗೆ ನಿಂತರು. ಒಳಗೆ ಏನೋ ಸರಿದಂತಾಯಿತು, ಗಾಳಿಯೂ ಇರಬಹುದು.

ಸ್ವಲ್ಪ ಹೊತ್ತಾದ ಮೇಲೆ ಯಶ್ಮಿತಾ ಮೆಲ್ಲನೆ ಕೇಳಿದಳು. "ಅಪ್ಪ, ಬಾಗಿಲು ತೆಗಿಯುವಾ?"

ಉಗ್ಗಪ್ಪ ಅಡ್ಡ ನಿಂತ. "ಇರು ಮಗಾ. ನಿನ್ನ ಅಮ್ಮನ ಊಟ ನಿಧಾನ."