ಎಂಬತ್ತೊಂದು ಎಸಳುಗಳ ಚಳಿ

ನಾನು ಚಿಕ್ಕವನಿದ್ದಾಗ ದೋಹಾದ ನಮ್ಮ ಮನೆಯಲ್ಲಿ ಚಳಿಗಾಲ ಗೋಡೆಯ ಮೇಲೆ ತೂಗುತ್ತಿತ್ತು. ನೆನಪು ಹಾಗೆ ಹೇಳುತ್ತದೆ. ಅದನ್ನು ಪೂರ್ತಿ ನಂಬಬೇಡಿ, ನಾನೂ ನಂಬುವುದಿಲ್ಲ.

ಬಂದರಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಚೀನಾದವರೊಬ್ಬರನ್ನು ನಾವು ಚೀನಾ ಮಾಮ ಎನ್ನುತ್ತಿದ್ದೆವು. ಡಿಸೆಂಬರಿನಲ್ಲಿ ಹಗಲು ತೀರಾ ಚಿಕ್ಕದಾಗುವ ದಿನ ಅವರು ಹಾಳೆಯಲ್ಲೊಂದು ಕೊಂಬೆ ಬರೆದು, ಅದಕ್ಕೆ ಒಂಬತ್ತು ಹೂ, ಒಂದೊಂದು ಹೂವಿಗೂ ಒಂಬತ್ತು ಎಸಳು ಬಿಡಿಸಿಕೊಟ್ಟರು. ಅಪ್ಪ ಅದನ್ನು ಗೋಡೆಗೆ ತೂಗುಹಾಕಿದರು. ದಿನಕ್ಕೊಂದು ಎಸಳಿಗೆ ಕೆಂಪು ಬಣ್ಣ ತುಂಬಬೇಕು. ಎಂಬತ್ತೊಂದೂ ತುಂಬಿದರೆ ಚಳಿ ಮುಗಿಯಿತು. ಅವರ ಊರಿನಲ್ಲಿ ಆ ದಿನದ ಹವೆ ನೋಡಿ ಬಣ್ಣ ತುಂಬುತ್ತಾರಂತೆ; ಮೋಡ, ಗಾಳಿ, ಹಿಮಕ್ಕೆಲ್ಲ ಎಸಳಿನಲ್ಲಿ ಬೇರೆ ಬೇರೆ ಜಾಗವಂತೆ. ಹಿಮಕ್ಕೆ ಮೀಸಲಾದ ನಡುಭಾಗವನ್ನು ಅಕ್ಕ ಇಲ್ಲಿನ ಧೂಳಿಗೆ ಕೊಟ್ಟಳು.

ಆಗ ಅಮ್ಮ ಹೆರಿಗೆಗೆಂದು ಮಂಗಳೂರಿಗೆ ಹೋಗಿದ್ದಳು. ಯಾವಾಗ ಬರುತ್ತಾಳೆ ಎಂದು ಕೇಳಿದಾಗಲೆಲ್ಲ ಅಪ್ಪ, "ಚಳಿ ಮುಗೀಲಿ ಮಗಾ" ಎನ್ನುತ್ತಿದ್ದರು.

ಅದೊಂದು ಶುಕ್ರವಾರ. ಅಪ್ಪ ಸೂಕ್ ವಾಕಿಫ್ ಮಾರುಕಟ್ಟೆಗೆ ಹೋಗಿದ್ದರು, ಅಕ್ಕ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದಳು. ಕಿಟಕಿಯ ಬಿಸಿಲು ಹಾಳೆಯ ಮೇಲೆ ನಿಧಾನವಾಗಿ ಜರುಗುವಾಗ ಎಸಳುಗಳು ಉಸಿರಾಡಿದಂತೆ ಕಂಡವು. ನಾನು ಕುರ್ಚಿ ಹತ್ತಿ ಉಳಿದ ಎಸಳುಗಳನ್ನೆಲ್ಲ ಒಮ್ಮೆಲೇ ತುಂಬಿಬಿಟ್ಟೆ. ಆಮೇಲೆ ಹೊಸ್ತಿಲ ಮೇಲೆ ಕುಳಿತು ಅಮ್ಮನಿಗಾಗಿ ಕಾದೆ. ಗಾಳಿಯಲ್ಲಿ ಉಪ್ಪಿನ, ಒದ್ದೆ ಮರಳಿನ ವಾಸನೆ. ಪ್ರತಿ ಕಾರಿನ ಸದ್ದಿಗೂ ಎದ್ದು ನಿಲ್ಲುತ್ತಿದ್ದೆ.

ಅಕ್ಕ ಹಾಳೆ ನೋಡಿ ಹೊರಗೆ ಬಂದಳು. "ಚಳಿ ಖಲಾಸ್ ಮಾಡಿದ್ಯಲ್ಲ ಮಾರಾಯ. ಮತ್ತೆ ಸ್ವೆಟರ್ ಎಂತಕ್ಕೆ? ತೆಗಿ."

ತೆಗೆದೆ. ಹಲ್ಲು ಕಟಕಟ ಎಂದರೂ ಒಳಗೆ ಹೋಗಲಿಲ್ಲ.

ಸಂಜೆ ಅಪ್ಪನ ಜೊತೆ ಬಂದ ಚೀನಾ ಮಾಮ ಬಣ್ಣವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. "ನೀನು ಮುಗಿಸಿದೆ, ಸರಿ," ಎಂದರು ತಮ್ಮ ಹರಕುಮುರುಕು ಹಿಂದಿಯಲ್ಲಿ. "ಚಳಿಗೆ ಹೇಳಿದ್ದೀಯಾ?"

ಅಪ್ಪ ನಗಲಿಲ್ಲ. ನನ್ನನ್ನು ತಮ್ಮ ಕೋಟಿನೊಳಗೆ ಸೇರಿಸಿಕೊಂಡು, "ಬಣ್ಣ ತುಂಬಿದ್ರೆ ವಿಮಾನ ಬರುದಿಲ್ಲ ಮಗಾ. ಅದು ನಾನು ಮೊದಲೇ ಹೇಳ್ಬೇಕಿತ್ತು," ಎಂದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಮಾಮ ಹಾಳೆಯನ್ನು ತಿರುಗಿಸಿ, ಇನ್ನೂ ಬಾಕಿಯಿದ್ದ ದಿನಗಳಷ್ಟೇ ಎಸಳುಗಳನ್ನು ಮತ್ತೆ ಬರೆದರು.

ಕೊನೆಯ ಎಸಳು ತುಂಬಿದ ದಿನವೇ ಅಮ್ಮ ಪುಟ್ಟ ತಂಗಿಯನ್ನು ಎತ್ತಿಕೊಂಡು ಬಂದಳೆಂದು ನನ್ನ ನೆನಪು. ಅಕ್ಕ ಹೇಳುವುದೇ ಬೇರೆ: ಐದು ಎಸಳು ಬಾಕಿಯಿರುವಾಗಲೇ ಅಮ್ಮ ಬಂದಳು, ಆಮೇಲೆ ನಾನು ಅವನ್ನು ಮುಟ್ಟಲೇ ಇಲ್ಲ. ಹಾಳೆ ಉಳಿದಿಲ್ಲ. ಸಾಕ್ಷಿಯಿಲ್ಲದ್ದನ್ನು ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆದರೂ ಅಕ್ಕನ ಮಾತೇ ನಿಜವಿರಬೇಕು ಅನಿಸುತ್ತದೆ.

ಮಕ್ಕಳೇ, ನಿಮಗೆ ಈ ಗೊಂದಲವಿಲ್ಲ. ನಿಮ್ಮ ಅಮ್ಮ ಲುಸೈಲ್‌ನ ಆಫೀಸಿನಿಂದ ಹೊರಟರೆ, ಫೋನಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ ಅಲ್ ಅಜೀಜಿಯಾದ ಮನೆಯ ಕಡೆಗೆ ಬರುತ್ತದೆ. ಇನ್ನೆಷ್ಟು ನಿಮಿಷ ಎಂಬುದನ್ನೂ ಅದೇ ತೋರಿಸುತ್ತದೆ. ಆದರೆ ಚುಕ್ಕೆ ಸಿಗ್ನಲ್‌ನಲ್ಲಿ ನಿಂತುಬಿಟ್ಟಾಗ ನಿಮ್ಮಲ್ಲಿ ಚಿಕ್ಕವಳು ಅದನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾಳೆ. ಅದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ.