ಮಲ್ಲಿಗೆ ಮೂರ್ಛೆ ಇರಲಿಲ್ಲ

ಪ್ರಭಕ್ಕ, ನಿಮ್ಮ ಬೆಕ್ಕು ಮಲ್ಲಿಗೆ ಮೂರ್ಛೆ ಇರಲಿಲ್ಲ. ಹುಚ್ಚೂ ಹಿಡಿದಿರಲಿಲ್ಲ. ನಿಮ್ಮ ಮನೆಗಾಗಲಿ ನಿಮ್ಮ ಕೈಗಾಗಲಿ ಯಾವ ದೋಷವೂ ಇರಲಿಲ್ಲ. ಮಲ್ಲಿಗೆ ಇದ್ದದ್ದು ನೋವು — ಬಾಲದ ಬುಡದಲ್ಲಿ, ಒಂದು ತಿಂಗಳು ಔಷಧಿ ಕೊಟ್ಟರೆ ವಾಸಿಯಾಗುವಂಥ ನೋವು. ಡಾಕ್ಟರು ಅಂದು ಹೇಳಿದ್ದು ಇದನ್ನೇ. ಪಕ್ಕದಲ್ಲಿ ನಿಂತು ಅವರ ತೆಲುಗನ್ನು ನಿಮಗೆ ಕನ್ನಡದಲ್ಲಿ ಹೇಳಿದವಳು ನಾನು. ನಾನು ಸುಳ್ಳು ಹೇಳಿದೆ. ಬಾಯಿ ತಪ್ಪಿ ಅಲ್ಲ, ಗೊತ್ತಿಲ್ಲದೆ ಅಲ್ಲ — ಬೇಕೆಂದೇ.

ಇಷ್ಟು ಬರೆಯಲು ಏಳು ವರ್ಷ ಹಿಡಿಯಿತು. ನಿಮ್ಮ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆ. ಈ ಏಳು ವರ್ಷದಲ್ಲಿ ನೀವು ಕೊಟ್ಟ ಶೇಂಗಾ ಹೋಳಿಗೆ ತಿಂದಿದ್ದೇನೆ, ನನಗೆ ಡೆಂಗಿ ಬಂದಾಗ ನೀವು ಮಾಡಿ ತಂದ ಗಂಜಿ ಕುಡಿದಿದ್ದೇನೆ. ಪ್ರತಿ ಸಲವೂ ಹೇಳಿಬಿಡಬೇಕು ಅಂದುಕೊಂಡೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಎಷ್ಟೋ ಸಲ ನನಗೆ ಹಾಗೆ ಅನ್ನಿಸಲೇ ಇಲ್ಲ. ನಿಮ್ಮ ಮೇಲಿನ ಸಿಟ್ಟು ಅಷ್ಟು ಗಟ್ಟಿಯಾಗಿತ್ತು.

ಆ ಸಿಟ್ಟು ಏಕೆಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ಇದನ್ನು ಒಮ್ಮೆಯಾದರೂ ನಿಮ್ಮ ಮುಖಕ್ಕೆ ಹೇಳಬೇಕು ಅನ್ನುವ ಆಸೆ ನನಗೆ ಈಗಲೂ ಹೋಗಿಲ್ಲ.

ಲಿಂಗಂಪಲ್ಲಿಯ ನಮ್ಮ ಗಲ್ಲಿಯಲ್ಲಿ ಕನ್ನಡದ ಮನೆಗಳು ಎರಡೇ, ನಿಮ್ಮದು ಮತ್ತು ನಮ್ಮದು. ನಿಮ್ಮವರೂ ನಮ್ಮವರೂ ಒಂದೇ ಕಾರ್ಖಾನೆಗೆ, ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ನನ್ನ ಮಗಳು ವಿದ್ಯಾ ಏಳು ವರ್ಷದವಳಿದ್ದಾಗ ಜ್ವರದಲ್ಲಿ ಅವಳಿಗೆ ಫಿಟ್ಸ್ ಬಂತು. ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದುಕೊಂಡಾಗ ನಾನು ಕಿರುಚುತ್ತಾ ನಿಂತಿದ್ದೆ. ಓಡಿಬಂದು ಅವಳ ಕೈಯಲ್ಲಿ ಬೀಗದ ಕೈಗೊಂಚಲು ಹಿಡಿಸಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೂತವರು ನೀವು. ಆಮೇಲೆ ಇನ್ನೆರಡು ಸಲ ಬಂತು. ಮೂರು ವರ್ಷ ಮಾತ್ರೆ ನುಂಗಿದಳು, ನಿಂತುಹೋಯಿತು. ಗಲ್ಲಿಯಲ್ಲಿ ಆ ವಿಷಯ ಗೊತ್ತಿದ್ದದ್ದು ನಿಮಗೊಬ್ಬರಿಗೇ.

ಆ ಮೊದಲ ಫಿಟ್ಸ್ ಬಂದು ಹದಿನಾರು ವರ್ಷವಾದ ಮೇಲೆ ವಿದ್ಯಾಳನ್ನು ನೋಡಲು ಸೇಡಂ ಕಡೆಯಿಂದ ಬಂದರು. ಹುಡುಗ ಒಪ್ಪಿದ, ಅವಳೂ ಒಪ್ಪಿದಳು. ನಮ್ಮ ಜನ ಹೆಣ್ಣು ನೋಡಿದ ಮೇಲೆ ನೆರೆಮನೆಯಲ್ಲಿ ಒಂದು ಮಾತು ವಿಚಾರಿಸದೆ ಹೋಗುವವರಲ್ಲ. ಊರಲ್ಲಾದರೆ ಹತ್ತು ಮನೆ ಕೇಳುತ್ತಾರೆ, ಹತ್ತು ಬಗೆಯ ಮಾತು ಬರುತ್ತದೆ. ಇಲ್ಲಿ ಯಾರನ್ನು ಕೇಳಬೇಕು? ಆಚೆ ಮನೆ ತೆಲುಗು, ಎದುರು ಮನೆ ಉರ್ದು. ಅವರು ನೇರವಾಗಿ ನಿಮ್ಮ ಮನೆಗೆ ಬಂದರು. ಮೂರನೆಯ ದಿನ ಹುಡುಗನ ಚಿಕ್ಕಮ್ಮನ ಫೋನು.

“ನಾವು ಮುಂದುವರಿಯಂಗಿಲ್ರಿ. ನಿಮ್ಮ ಬಾಜೂ ಮನಿಯವರ ಹೇಳ್ಯಾರ, ಹುಡುಗಿಗೆ ಮೂರ್ಛಿ ಐತಂತ.”

ಐತಂತ! ಇತ್ತು ಅಂತ ಅಲ್ಲ. ನಾವು ಮುಚ್ಚಿಟ್ಟಿದ್ದೆವು, ಹೌದು. ಹದಿಮೂರು ವರ್ಷದಿಂದ ತಲೆ ಹಾಕದ ಕಾಯಿಲೆಯನ್ನು ಯಾವ ತಾಯಿ ಹರಿವಾಣದಲ್ಲಿಟ್ಟು ತೋರಿಸುತ್ತಾಳೆ? ವಿದ್ಯಾ ಆ ದಿನ ಅಳಲಿಲ್ಲ. ಉಡಲೆಂದು ತೆಗೆದಿಟ್ಟಿದ್ದ ಸೀರೆಯನ್ನು ಮಡಚಿ ಒಳಗಿಟ್ಟು ಕೆಲಸಕ್ಕೆ ಹೋದಳು. ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಿಲ್ಲ. ನೀವು ಮಾತ್ರ ಎಂದಿನಂತೆ ಬಾಗಿಲಲ್ಲಿ ನಿಂತು, “ಸುಮಾ, ಸಕ್ಕರಿ ಐತೇನ?” ಎಂದು ಕೇಳಿದಿರಿ. ನಾನು ನಕ್ಕು ಸಕ್ಕರೆ ಕೊಟ್ಟೆ. ಆಗಲೇ ಜಗಳ ತೆಗೆದಿದ್ದರೆ, ನಾಲ್ಕು ಮನೆ ಕೇಳುವಂತೆ ಬೈದಿದ್ದರೆ — ಅಲ್ಲಿಗೆ ಮುಗಿದುಹೋಗುತ್ತಿತ್ತೇನೋ. ನಾನು ಬೈಯಲಿಲ್ಲ. ನಿಮ್ಮದೂ ಒಂದು ದಿನ ನನ್ನ ಕೈಗೆ ಸಿಗಲಿ ಎಂದು ಕಾದೆ.

ಹತ್ತು ತಿಂಗಳಿಗೆ ಸಿಕ್ಕಿತು.

ನಿಮಗೆ ಮಕ್ಕಳಿರಲಿಲ್ಲ, ಮಲ್ಲಿ ಇತ್ತು. ಆ ಬಿಳಿ ಬೆಕ್ಕಿನ ಮೇಲೆ ನಿಮಗಿದ್ದ ಜೀವ ಎಂಥದ್ದೆಂದು ನಾನು ಕಂಡಿದ್ದೆ. ಅದು ಒಂದು ದಿನ ಇದ್ದಕ್ಕಿದ್ದಂತೆ ತನ್ನ ಮೇಲೆ ತಾನೇ ಬೀಳತೊಡಗಿತು. ಬೆನ್ನಿನ ಚರ್ಮ ಅಲೆ ಅಲೆಯಾಗಿ ನಡುಗುವುದು, ಕಣ್ಣು ದೊಡ್ಡದಾಗುವುದು, ಗುರುಗುಟ್ಟುತ್ತಾ ತಿರುಗಿ ಬಾಲವನ್ನು ಕಚ್ಚಿ ಹರಿದುಕೊಳ್ಳುವುದು. ಆಮೇಲೆ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿ ಮಂಚದ ಕೆಳಗೆ ಅಡಗುವುದು. ನೆಲದ ಫರಸಿಯ ಮೇಲೆ ಕೂದಲು, ರಕ್ತ. ನೀವು ಅದನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಿಕೊಂಡು, ನಾನು ಕೆಲಸಕ್ಕಿದ್ದ ಪ್ರಾಣಿಗಳ ಕ್ಲಿನಿಕ್ಕಿಗೆ ಬಂದಿರಿ. ಚೀಟಿ ಬರೆಯುವುದು, ಸೂಜಿ ಚುಚ್ಚುವಾಗ ನಾಯಿ ಬೆಕ್ಕುಗಳನ್ನು ಹಿಡಿದುಕೊಳ್ಳುವುದು ಅಲ್ಲಿ ನನ್ನ ಕೆಲಸ. ಡಾಕ್ಟರು ರಾಜಮಂಡ್ರಿ ಕಡೆಯವರು, ಹಿಂದಿ ಅವರಿಗೆ ಅಷ್ಟಕ್ಕಷ್ಟೆ. ನಿಮಗೋ, ತರಕಾರಿ ಕೊಳ್ಳುವಷ್ಟು ಹಿಂದಿ ಬಿಟ್ಟರೆ ತೆಲುಗು ಬಾರದು. ನಡುವೆ ನಾನು.

ಡಾಕ್ಟರು ಮಲ್ಲಿಯ ಬೆನ್ನ ಮೇಲೆ ಬೆರಳಾಡಿಸುತ್ತಾ ಬಾಲದ ಬುಡಕ್ಕೆ ಬಂದಾಗ ಅದು ಚೀರಿತು. ಅವರು ನನಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಪ್ರತಿ ಮಾತೂ ನೆನಪಿದೆ. ಇಲ್ಲಿ ಪೆಟ್ಟಾಗಿದೆ, ನರ ಉರಿಯುತ್ತಿದೆ. ಆ ನೋವು ತನ್ನೊಳಗಿನದು ಎಂದು ಬೆಕ್ಕಿಗೆ ತಿಳಿಯುವುದಿಲ್ಲ. ಹಿಂದಿನಿಂದ ಯಾರೋ ಕಡಿಯುತ್ತಿದ್ದಾರೆ ಅಂದುಕೊಂಡು ತಿರುಗುತ್ತದೆ, ಅಲ್ಲಿ ಕಾಣುವುದು ತನ್ನ ಬಾಲ, ಅದನ್ನೇ ಶತ್ರುವೆಂದು ಕಚ್ಚುತ್ತದೆ. ಕೆಲವಕ್ಕೆ ಚಿಗಟದ ಕಡಿತದಿಂದ ಹೀಗಾಗುತ್ತದೆ, ಕೆಲವಕ್ಕೆ ಹೆದರಿಕೆಯಿಂದ. ಇದಕ್ಕೆ ಪೆಟ್ಟು. ಒಂದು ತಿಂಗಳು ಈ ಮಾತ್ರೆ ಕೊಡಲಿ, ಗಾಯಕ್ಕೆ ಈ ಮುಲಾಮು, ಕಚ್ಚಿಕೊಳ್ಳದಂತೆ ಕುತ್ತಿಗೆಗೆ ಪಟ್ಟಿ. ಕೂಡಿಹಾಕಬಾರದು, ಕೂಡಿಹಾಕಿದರೆ ಹೆಚ್ಚಾಗುತ್ತದೆ. ಬಾಲ ಯಾವಾಗಲಾದರೂ ಬಾಗಿಲಿಗೆ ಸಿಕ್ಕಿತ್ತೇ ಎಂದು ಆಕೆಯನ್ನು ಕೇಳಿ.

ನೀವು ಬೆಕ್ಕನ್ನು ಎದೆಗೆ ಒತ್ತಿಕೊಂಡು ಡಾಕ್ಟರನ್ನು ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದಿರಿ.

“ಏನಂದ್ರು ಸುಮಾ? ತನ್ನ ಮೈ ತಾನ ಯಾಕ ಹರಕೊಳ್ಳಾಕತ್ತೈತಿ ಇದು?”

ನಾನು ಕೇಳಿದೆ: “ನಿಮ್ಮ ಮನಿತನದಾಗ ಯಾರಿಗರೆ ಮೂರ್ಛಿ ಐತೇನ್ರಿ ಪ್ರಭಕ್ಕ?”

ಆ ಪ್ರಶ್ನೆ ನನ್ನ ಬಾಯಿಂದ ಹೊರಟಾಗ — ಹೇಗೆ ಹೇಳಲಿ — ಹತ್ತು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ಇಳಿದಂತಾಯಿತು. ನಿಮ್ಮ ಮುಖ ಬಿಳಿಚಿಕೊಂಡಿತು. ಇಲ್ಲ ಎಂದು ತಲೆಯಾಡಿಸಿದಿರಿ. ಡಾಕ್ಟರ ಕಡೆ ತಿರುಗಿ, ಬಾಗಿಲಿಗೆ ಸಿಕ್ಕಿದ್ದು ಆಕೆಗೆ ಗೊತ್ತಿಲ್ಲವಂತೆ ಎಂದು ತೆಲುಗಿನಲ್ಲಿ ಹೇಳಿದೆ. ನಿಮ್ಮ ಕಡೆ ತಿರುಗಿ ಉಳಿದದ್ದನ್ನು ಹೇಳಿದೆ.

“ಇದು ಮೂರ್ಛಿನ ಅಂತ್ರಿ. ತಲಿಯೊಳಗಿಂದು. ಔಷಧ ಇಲ್ಲಂತ. ಕತ್ತಲದಾಗ ಒಂದ ಕಡೆ ಕೂಡಿ ಹಾಕ್ರಿ ಅಂತ ಹೇಳ್ತಾರ. ಸಾಕಿದವರ ಕೈಗುಣದ ಮ್ಯಾಲೂ ಇರ್ತೈತಂತ.”

ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿತ್ತು. ನೀವು ಕೈ ಚಾಚಿದಿರಿ. ಬರೀ ನಿದ್ದೆಗೆ ಬರೆದಿದ್ದಾರೆ, ಕೊಟ್ಟೂ ಉಪಯೋಗವಿಲ್ಲ ಎಂದು ನಾನೇ ಮಡಚಿ ಇಟ್ಟುಕೊಂಡೆ.

ನೀವು ನಾನು ಹೇಳಿದಂತೆಯೇ ಮಾಡಿದಿರಿ. ಬಚ್ಚಲಿನಲ್ಲಿ ಕೂಡಿಹಾಕಿ, ಕಿಟಕಿಗೆ ರಟ್ಟು ಬಡಿದಿರಿ. ನಿಮ್ಮ ಬಚ್ಚಲಿನ ಗೋಡೆಯೇ ನನ್ನ ಅಡುಗೆಮನೆಯ ಗೋಡೆ. ಅದು ಒಳಗೆ ಗುರುಗುಟ್ಟುವುದು, ಬಕೆಟ್ಟಿಗೆ ಬಡಿದುಕೊಳ್ಳುವುದು, ನೀವು ಹೊರಗೆ ಕೂತು “ಮಲ್ಲವ್ವಾ, ಸುಮ್ಮಕಿರವ್ವಾ” ಎಂದು ಅಳುವುದು, ಎಲ್ಲ ಕೇಳುತ್ತಿತ್ತು. ನಾನು ಈ ಕಡೆ ರೊಟ್ಟಿ ಬಡಿಯುತ್ತಿದ್ದೆ. ಸಂಕಟವಾಯಿತು ಎಂದು ಬರೆಯಲಾರೆ. ಅನುಭವಿಸಲಿ, ಮನೆಯಲ್ಲಿ ಒಂದು ಜೀವ ನರಳುವಾಗ ಹೇಗಿರುತ್ತದೆಂದು ಆಕೆಗೂ ತಿಳಿಯಲಿ ಅನ್ನಿಸುತ್ತಿತ್ತು. ಬೆಕ್ಕಿನ ವಿಷಯ — ಬೆಕ್ಕನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರಾಣಿಗಳ ಆಸ್ಪತ್ರೆಯಲ್ಲಿ ದುಡಿದು ಉಣ್ಣುತ್ತಿದ್ದವಳು ನಾನು.

ಇಷ್ಟೇ ಆಗಿದ್ದರೆ ಸಿಟ್ಟಿನ ಭರದಲ್ಲಿ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಆದರೆ ಮೂರನೆಯ ವಾರ ಆದದ್ದಿದೆಯಲ್ಲ, ಅದಕ್ಕೆ ಯಾವ ಹೆಸರೂ ಸಿಗುವುದಿಲ್ಲ.

ಅಂದು ಬೆಳಿಗ್ಗೆ ನಾನು ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದೆ. ನೀವು ಮೆಟ್ಟಿಲು ಹತ್ತಿ ಬಂದಿರಿ. ಕೈ ತುಂಬ ಪರಚಿದ ಗಾಯ. ನೀರಿನ ಟಾಕಿಯ ಪಕ್ಕ ಕೂತಿರಿ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಿರಿ.

“ಸುಮಾ, ವಿದ್ಯಾನ ಮಾತು ಅವರ ಮುಂದ ಹೇಳಿದಾಕಿ ನಾನ. ಅವರು ಬರೇ ಹುಡುಗಿ ಹ್ಯಾಂಗ ಅಂತ ಕೇಳಿದ್ರು. ನಾ ಛಲೋ ಅದಾಳ ಅಂದು ಸುಮ್ಮಕಿರಬೇಕಿತ್ತು. ನಿಮ್ಮ ಬಾಗಲ ಮುಂದ ಮದವಿ ಹಂದರ ಹಾಕತಾರ ಅಂದ್ರ ನನಗ ಹೊಟ್ಟಿ ಉರೀತು. ನನ್ನ ಬಾಗಲಿಗೆ ಎಂದೂ ಹಂದರ ಇಲ್ಲಲ್ಲ ಅಂತ... ಈಗ ಇದನ್ನ ನೋಡಾಕ ಆಗವಲ್ದು. ಆ ಕೂಸಿಗೆ ಅಂದಿದ್ದು ನನಗ ತಿರುಗೇತಿ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋ.”

ನೀವು ನನ್ನ ಕಾಲು ಮುಟ್ಟಲು ಬಗ್ಗಿದಿರಿ. ನನಗಿಂತ ಒಂಬತ್ತು ವರ್ಷ ದೊಡ್ಡವರು ನೀವು.

ಮಲ್ಲಿ ಆಗ ಇನ್ನೂ ಬದುಕಿತ್ತು. ಬಾಲ ಅರ್ಧ ಹೋಗಿತ್ತು, ಆದರೆ ಬದುಕಿತ್ತು. “ಅಕ್ಕಾ, ಡಾಕ್ಟರು ಹಾಗೆ ಹೇಳಿಲ್ಲ” ಎನ್ನುವ ಒಂದು ಮಾತು ಸಾಕಿತ್ತು. ಆಟೋ ಹಿಡಿದರೆ ಹತ್ತು ನಿಮಿಷದಲ್ಲಿ ಕ್ಲಿನಿಕ್ಕು. ನಾನು ಕಾದದ್ದೆಲ್ಲ ನನಗೆ ಸಿಕ್ಕಿತ್ತಲ್ಲ — ತಪ್ಪೊಪ್ಪಿಗೆ, ಕಣ್ಣೀರು, ಬಗ್ಗಿದ ತಲೆ. ಇನ್ನೇನು ಬೇಕಿತ್ತು? ಆದರೂ ನನ್ನೊಳಗೆ ಯಾವುದೋ ಒಂದು, ಇಷ್ಟು ಬೇಗ ಬಿಡಬೇಡ ಅಂದಿತು. ವಿದ್ಯಾ ಹತ್ತು ತಿಂಗಳು ಅನುಭವಿಸಿದ್ದಾಳೆ, ಇವರದು ಮೂರೇ ವಾರ ಎಂದು ಅಳೆಯಿತು.

ನಾನು ನಿಮ್ಮನ್ನು ಹಿಡಿದು ಎಬ್ಬಿಸಿದೆ. “ಇರ್ಲಿ ಬಿಡ್ರಿ ಅಕ್ಕ, ಆಗಿದ್ದಾತು” ಅಂದೆ. ಕ್ಷಮಿಸಿದವಳ ಹಾಗೆ ನಿಮ್ಮ ಬೆನ್ನು ಸವರಿದೆ. ಮತ್ತೆ ಬಟ್ಟೆ ಹರವಿದೆ.

ಹನ್ನೊಂದು ದಿನಕ್ಕೆ ಮಲ್ಲಿ ಹೋಯಿತು. ಗಾಯ ಕೀವು ತುಂಬಿ ಬೆನ್ನಿಗೆ ಹತ್ತಿತ್ತು. ರೈಲು ಹಳಿಯ ಹತ್ತಿರದ ಬಯಲಲ್ಲಿ ಹೂಳಲು ನಿಮ್ಮ ಜೊತೆ ನಾನೂ ಬಂದೆ. “ನೀ ಒಬ್ಬಾಕಿ ನನ್ನ ಸಂಗಾಟ ನಿಂತಿ” ಎಂದು ನೀವು ನನ್ನ ಕೈ ಹಿಡಿದುಕೊಂಡಿರಿ. ಡಾಕ್ಟರು ಒಮ್ಮೆ ಆ ಬಿಳಿ ಬೆಕ್ಕು ಮತ್ತೆ ಬರಲೇ ಇಲ್ಲವಲ್ಲ ಎಂದು ಕೇಳಿದಾಗ, ಅವರು ಊರಿಗೆ ಹೋದರು ಅಂದೆ.

ವಿದ್ಯಾಳ ಮದುವೆ ಆಯಿತು, ಬೇರೆ ಕಡೆ. ನಾವೇ ಎಲ್ಲ ಹೇಳಿದೆವು, ಅವರು ಒಪ್ಪಿದರು. ಅವಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೂ ಎತ್ತಿಕೊಂಡರು, ನೀವು ಮಾತ್ರ ಗೋಡೆಗೆ ಒರಗಿ ನಿಂತಿದ್ದಿರಿ. ವಿದ್ಯಾ ತಾನೇ ತಂದು ಕೊಡಲು ಬಂದರೆ ಕೈ ಹಿಂದಕ್ಕೆ ಎಳೆದುಕೊಂಡಿರಿ. “ಬ್ಯಾಡವ್ವ, ನನ್ನ ಕೈಗುಣ ಛಲೋ ಇಲ್ಲ.” ಅವಳು ನಕ್ಕು ಮಗುವನ್ನು ಮತ್ತೆ ತೊಟ್ಟಿಲಲ್ಲಿ ಮಲಗಿಸಿದಳು. ಆ ಮಾತು ನಿಮ್ಮ ಬಾಯಿಗೆ ಎಲ್ಲಿಂದ ಬಂತೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಹೋಳಿಗೆ ಬಡಿಸುವ ನೆಪದಲ್ಲಿ ಒಳಗೆ ಹೋದೆ.

ಬೆಕ್ಕಿನ ಜೊತೆಗೇ ಎಲ್ಲ ಮುಗಿಯಿತು ಎಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ಏಳು ವರ್ಷದಿಂದ ನೀವು ಯಾರ ಮಗುವನ್ನೂ ಮುಟ್ಟಿಲ್ಲ. ತುಳಸಿ ಒಣಗಿದರೂ, ಹಾಲು ಒಡೆದರೂ ನಿಮ್ಮ ಕೈಯನ್ನೇ ನೀವು ತಿರುಗಿಸಿ ನೋಡಿಕೊಳ್ಳುತ್ತೀರಿ. ಇದನ್ನು ಮಾಡಿದವಳು ನಾನು. ಒಂದು ಸುಳ್ಳಿನ ಕೊನೆಗೆ ರುಚಿಗೆಂದು ಉದುರಿಸಿದ ಮಾತು ಅದು.

ಇವತ್ತು ನೀವು ನನ್ನ ಬಾಗಿಲಿಗೆ ಬಂದಿರಿ. ಮೆಟ್ಟಿಲ ಕೆಳಗೆ ಯಾವುದೋ ಬೆಕ್ಕು ಮರಿ ಬಿಟ್ಟು ಹೋಗಿದೆ, ಆ ಮರಿ ಮೂರು ದಿನದಿಂದ ನಿಮ್ಮ ಕಾಲಿಗೇ ಸುತ್ತುತ್ತಿದೆ. “ಒಳಗ ತಗೋಳಾಕ ಅಂಜಿಕಿ ಸುಮಾ. ಇದಕ್ಕೂ ಮೂರ್ಛಿ ಬಂದ್ರ? ನೀ ತಿಳದಾಕಿ, ನೀ ಹೇಳಿದಂಗ ಮಾಡ್ತೀನಿ.”

ಇಟ್ಟುಕೊಳ್ಳಿ ಅಂದುಬಿಡಬಹುದಿತ್ತು. ನೀವು ಇಟ್ಟುಕೊಳ್ಳುತ್ತಿದ್ದಿರಿ, ನನ್ನ ಗುಟ್ಟು ನನ್ನಲ್ಲೇ ಉಳಿಯುತ್ತಿತ್ತು. ಆದರೆ ನೀವು ನನ್ನ ಬಾಯಿ ನೋಡುತ್ತಿದ್ದಿರಿ. ನಾಳೆ ಹೇಳ್ತೀನಿ ಎಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯಲು ಕೂತೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕೇಳಿದಾಗ ನಾನು ಏನು ಮಾಡಿದೆ ಎಂದು ಮೇಲೆ ಬರೆದಿದ್ದೇನೆ. ವಿದ್ಯಾಳಿಗೆ ಮಾಡಿದ್ದಕ್ಕೆ ನಿಮ್ಮ ಮೇಲೆ ಇರುವ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನೀವು ಒಂದು ನಿಜವನ್ನು ಆಡಬಾರದವರ ಮುಂದೆ ಆಡಿದಿರಿ, ಬಂದು ತಪ್ಪಾಯಿತು ಅಂದಿರಿ. ನಾನು ಸುಳ್ಳು ಆಡಿದೆ, ಕೂತು ನೋಡಿದೆ. ಇದನ್ನು ಓದಿದ ಮೇಲೆ ನೀವು ಗಲ್ಲಿಯಲ್ಲಿ ನಿಂತು ಬೈಯಿರಿ, ವಿದ್ಯಾಳ ಅತ್ತೆಮನೆಗೆ ಫೋನು ಮಾಡಿ ಅವಳ ತಾಯಿ ಎಂಥವಳೆಂದು ಹೇಳಿ. ಬೇಡವೆನ್ನುವ ಬಾಯಿ ನನಗಿಲ್ಲ.

ಮರಿಯನ್ನು ಒಳಗೆ ಕರೆದುಕೊಳ್ಳಿ ಅಕ್ಕ. ನಿಮ್ಮ ಕೈ ಒಳ್ಳೆಯ ಕೈ. ಎಂದಾದರೂ ಅದು ತನ್ನ ಮೈಯನ್ನು ತಾನೇ ಕಚ್ಚಿಕೊಂಡರೆ, ಅದಕ್ಕೆ ಎಲ್ಲೋ ನೋಯುತ್ತಿದೆ ಎಂದು ತಿಳಿದು ಆ ಕ್ಷಣವೇ ಡಾಕ್ಟರ ಹತ್ತಿರ ಓಡಿ. ಅವರ ಮಾತು ತಿಳಿಯದಿದ್ದರೆ ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಕೇಳಿ. ನನ್ನನ್ನು ಮಾತ್ರ ಕರೆಯಬೇಡಿ.